ಗರವಲ್ಲ, ರಗಳೆಯೂ ಅಲ್ಲ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಮೆಣಸಿನಪುಡಿ ಮಿಲ್ಲಿನ ಮೇಲುಮಹಡಿ, ನಮ್ಮ ಫ್ಲೆಕ್ಸ್ ಅಂಗಡಿ.
ಇಲ್ಲಿ ಮಾಡಿದ ಡಿಸೈನೆಲ್ಲ
ಸೀನು ಸೀನಿನ ನಡುವೆ ಮಾಡಿದ್ದು.

ಬುಧವಾರ ಇಬ್ಬರು ಬಂದರು, ಒಂದೇ ಸ್ಕೂಟರಿನಲ್ಲಿ.
ಗಂಗವ್ವ, ಅಂಚೆ ಕಚೇರಿಯಿಂದ ನಿವೃತ್ತಿ,
ಈಗಲೂ ಬೆರಳು ಒದ್ದೆ ಮಾಡಿಯೇ ಕಾಗದ ಮುಟ್ಟುವವರು.
ರಮ್ಲತ್, ಮೂರು ವರ್ಷ ಶಾಲೆಯ ವ್ಯಾನು ಓಡಿಸಿದವಳು.
ಹೆಂಗಸರಿಗೆ ಗಾಡಿ ಕಲಿಸುವ ಶಾಲೆಯಂತೆ.
ಲೋಗೊ ಬೇಕು, ಎರಡೇ ಅಕ್ಷರದ್ದು,
ದೂರದಿಂದ ಕಾಣಬೇಕು, ಸ್ಟಿಕ್ಕರಿನ ರೇಟು ಕಮ್ಮಿಯಿರಬೇಕು.

ಬರೆದೆ: ಗರ.
"ಗರ ಬಡಿದವರ ಹಾಗೆ ಮೊದಲ ತಿರುವಿನಲ್ಲೇ
ನಿಂತುಬಿಟ್ಟಾರು" ಎಂದರು ಗಂಗವ್ವ.
ತಿರುಗಿಸಿದೆ: ರಗ.
"ಬಾಕಿ ಇರುವ ಳೆ ಊರವರೇ ಹಾಕುತ್ತಾರೆ"
ಎಂದಳು ರಮ್ಲತ್.
ಮುಂದೆ ಯಾರು, ಹಿಂದೆ ಯಾರು ಬೇಡ,
ಒಂದರೊಳಗೊಂದು ಹಾಯಿಸಿಕೊಡು.

ಗ-ಕ್ಕೆ ಕಾಲುಂಟು, ರ-ಕ್ಕೆ ಹೊಟ್ಟೆಯ ತೂತು.
ಕಾಲು ತೂತಿನಲ್ಲಿ ಇಳಿದರಾಯಿತು,
ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ.
ಒಂದೊಂದು ನೋಡ್ ಹಿಡಿದು ಎಳೆದೆ, ಹ್ಯಾಂಡಲ್ ತಿರುಚಿದೆ.
ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಮೂಳೆಯಿಲ್ಲ,
ಬರೀ ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಒಂದು ಬಳುಕು.
ಎರಡು ಸಲ ಕರೆಂಟು ಹೋಯಿತು.
ಸೇವ್ ಮಾಡದ ತಲೆಕಟ್ಟು ಅದರ ಜೊತೆಗೇ ಹೋಯಿತು.

ಕಾಲು ಇಳಿಯಲಿಲ್ಲ.
ಗ ಮೇಲೆ ಎಂದರೆ ಪೂರಾ ಮೇಲೆ,
ಕೆಳಗೆ ಎಂದರೆ ಪೂರಾ ಕೆಳಗೆ.
ಒಂದು ಕಡೆ ಮೇಲೆ ಹಾದು, ಇನ್ನೊಂದು ಕಡೆ ಅಡಿಯಲ್ಲಿ ನುಸುಳುವುದು
ಈ ಪರದೆಗೆ ಗೊತ್ತಿಲ್ಲ.
ಕೊನೆಗೆ ಕತ್ತರಿಯೇ ಗತಿ:
ಮೇಲೆ ಕೂಡುವಲ್ಲಿ ರ-ದ ಒಂದು ಚೂರು ಕತ್ತರಿಸಿದೆ,
ಕೆಳಗೆ ಕೂಡುವಲ್ಲಿ ಗ-ದ ಒಂದು ಚೂರು.

"ಅಯ್ಯೋ, ನನ್ನ ಕಾಲು!" ಎಂದರು ಗಂಗವ್ವ.
"ನನ್ನ ಹೊಟ್ಟೆ ಮೊದಲೇ ಹೋಗಿದೆ, ಸುಮ್ಮನಿರಿ" ಎಂದಳು ರಮ್ಲತ್.
ಕತ್ತರಿಸಿದ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಬಿಟ್ಟೆ.
ಇದ್ದಕ್ಕಿದ್ದಂತೆ ಕಾಲು ಇಳಿಯಿತು.
ಉಂಗುರ ಬಿಗಿಯಿತು.
ಕಡಿದದ್ದು ನಾನೇ. ಆದರೂ ನನ್ನ ಕಣ್ಣೇ
ಅದನ್ನು ಹೆಣೆದದ್ದು ಎಂದು ವಾದಿಸುತ್ತಿತ್ತು.

ಊಟದ ಬುತ್ತಿ ತಂದ ಅವ್ವ ಹಿಂದೆ ನಿಂತಿದ್ದಳು.
ನಾವು ಮೇದರು. ಕಾಫಿ ಕೊಯ್ಯುವವರ ಕುಕ್ಕೆಗಳು
ಅವಳ ಬೆರಳ ಸಂದಿನಿಂದಲೇ ತೋಟಗಳಿಗೆ ನಡೆದು ಹೋಗುವುದು.
"ದಬ್ಬೆ ಸೀಳುವಾಗ ಕತ್ತಿ" ಎಂದಳು,
"ನೇಯುವಾಗ ಕತ್ತಿ ಹಿಡಿದವಳನ್ನು
ಇವತ್ತೇ ನೋಡಿದ್ದು."
ಇದು ಬೇರೆ ಅವ್ವಾ, ಎಂದೆ.
ಹೇಗೆ ಬೇರೆ ಎಂದು ಅವಳು ಕೇಳಲಿಲ್ಲ,
ನನಗೂ ಬೇಗ ಹೊಳೆಯಲಿಲ್ಲ.

ಲೋಗೊಗೆ ಎಂಟುನೂರು. ಅವಳ ಲೆಕ್ಕದಲ್ಲಿ ನಾಲ್ಕು ಕುಕ್ಕೆ.
ಸ್ಟಿಕ್ಕರು ಬೇರೆ.

ಸ್ಕೂಟರು ಹೊರಟಿತು, ಕೆಂಪು ಎಲ್ ಪಕ್ಕದಲ್ಲಿ
ಹಸಿರು ಗ, ಹಸಿರು ರ.
ಓಡಿಸಿದ್ದು ಗಂಗವ್ವ, ಹಿಂದೆ ಕೂತ ರಮ್ಲತ್
ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡೇ ಹೋದಳು
ಪೆಟ್ರೋಲ್ ಬಂಕಿನ ತನಕ.
ಮೊದಲ ವಿದ್ಯಾರ್ಥಿನಿ ಯಾರೆಂದು ಆಗ ತಿಳಿಯಿತು.

ಉಳಿದ ಒಂದು ಸ್ಟಿಕ್ಕರನ್ನು ಅವ್ವ ಕೈಗೆತ್ತಿಕೊಂಡಳು.
ಹೊಸ ಕುಕ್ಕೆಯ ಮೇಲೆ ಓಡಾಡುವ ಹಾಗೆ
ಉಗುರು ಓಡಿಸಿದಳು, ಮೇಲೆ, ಕೆಳಗೆ, ಮೇಲೆ.
ಎಲ್ಲಿಯೂ ಏರಿಲ್ಲ, ಇಳಿದಿಲ್ಲ.
ಆಮೇಲೆ ಮಗುಚಿ ಹಾಕಿ ಹಿಂಬದಿ ನೋಡಿದಳು,
ನೇಯ್ದವರು ಯಾರೇ ಆಗಲಿ
ಅವಳು ಮೊದಲು ನೋಡುವುದು ಅದನ್ನೇ.

ಅಲ್ಲಿ ಬಿಳಿ ಕಾಗದ. ಅದರಡಿ ಅಂಟು.

"ಮುಂದಿನಿಂದ ಗಟ್ಟಿಯಾಗಿದೆ" ಎಂದಳು,
ಬುತ್ತಿಯ ಮುಚ್ಚಳ ತೆಗೆಯುತ್ತಾ.